ಮೈನಸ್ 6 ಇವಿ ಅಂತ ಬರೆದಿದ್ದಾರೆ, ಮಂದ ಬೆಳಕಲ್ಲಿ ಫೋಕಸ್ ಮಾತ್ರ ಕೂರುತ್ತಿಲ್ಲ

ಮಸುಕುಚಿತ್ರ
ಎಲ್ಲರಿಗೂ ನಮಸ್ಕಾರ. ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕ್ಯಾಮರಾ ಬಿಟ್ಟು ಕನ್ನಡಿ ಇಲ್ಲದ ಮಿರರ್‌ಲೆಸ್‌ಗೆ ಬಂದು ಸ್ವಲ್ಪ ದಿನವಾಯಿತು. ಯಾವ ಕಂಪನಿ ಅಂತ ಹೇಳುವುದಿಲ್ಲ, ಹೇಳಿದರೆ ಇಲ್ಲಿ ಬೇರೆಯೇ ಯುದ್ಧ ಶುರುವಾಗುತ್ತದೆ. ಎಲ್ಲ ಕಡೆ "ಮೈನಸ್ 6 ಇವಿ ವರೆಗೆ ಆಟೋಫೋಕಸ್" ಅಂತ ದೊಡ್ಡದಾಗಿ ಬರೆದಿದ್ದಾರೆ. ಇವಿ ಅಂದರೆ ಬೆಳಕಿನ ಅಳತೆಯಂತೆ. ಅಂದರೆ ನನಗೇ ಕಾಣದ ಕತ್ತಲಲ್ಲೂ ಅದಕ್ಕೆ ಕಾಣಬೇಕು, ಅಲ್ವಾ?

ನಾನು ಹೆಚ್ಚಾಗಿ ತೆಗೆಯುವುದು ನೃತ್ಯದ ರಿಹರ್ಸಲ್. ಆಗ ವೇದಿಕೆಯ ದೀಪಗಳನ್ನೆಲ್ಲ ಹಾಕಿರುವುದಿಲ್ಲ. ಅರ್ಧ ಜನ ಕಪ್ಪು ಬಟ್ಟೆಯಲ್ಲಿರುತ್ತಾರೆ. ಅಲ್ಲಿ ಈ ಕ್ಯಾಮರಾ ಲೆನ್ಸನ್ನು ಹಿಂದೆ ಮುಂದೆ ಓಡಿಸುತ್ತಲೇ ಇರುತ್ತದೆ. ಕೆಲವು ಸಲ ಹಸಿರು ಚೌಕ ಬರುತ್ತದೆ, ಆದರೆ ಫೋಟೋ ದೊಡ್ಡದು ಮಾಡಿ ನೋಡಿದರೆ ಮುಖ ಮಸುಕು. ಇದೇ ಜಾಗದಲ್ಲಿ ಹಳೆಯ ಡಿಎಸ್‌ಎಲ್‌ಆರ್‌ನ ನಡುವಿನ ಫೋಕಸ್ ಪಾಯಿಂಟ್ ಇಷ್ಟು ಗೋಳು ಕೊಟ್ಟಿರಲಿಲ್ಲ.

ಕ್ಯಾಮರಾದಲ್ಲೇ ದೋಷವಿದೆಯಾ? ಸರ್ವೀಸ್‌ಗೆ ಕೊಡಬೇಕಾ? ಇಲ್ಲ ಯಾವುದಾದರೂ ಸೆಟಿಂಗ್ ಇದೆಯಾ?

ಟ್ರೈಪಾಡ್‌ಕಾಲು
ಲೆನ್ಸ್ ಯಾವುದು ಅನ್ನುವುದನ್ನೇ ಬರೆದಿಲ್ಲವಲ್ಲ ಮಾರಾಯ್ರೆ.

ಮಸುಕುಚಿತ್ರ
24-105, ಎಫ್ 4. ಹಳೆಯದರಲ್ಲಿ 50 ಎಂಎಂ ಎಫ್ 1.8 ಹಾಕುತ್ತಿದ್ದೆ.

ಟ್ರೈಪಾಡ್‌ಕಾಲು
ಉತ್ತರ ಸಿಕ್ಕಿತು. ಸರ್ವೀಸ್‌ಗೆ ಕೊಡಬೇಡಿ.

ಗೂಬೆಕಣ್ಣು
ಸರಿ, ಆದರೆ ಯಾಕೆ ಅಂತಲೂ ಹೇಳಿಬಿಡೋಣ.

ಐಎಸ್‌ಒ (ಸೆನ್ಸರ್‌ನ ಸೂಕ್ಷ್ಮತೆ) 100, ಎಫ್ 1 ಅಪರ್ಚರ್ (ಲೆನ್ಸಿನ ಕಿಂಡಿ, ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), 1 ಸೆಕೆಂಡ್ ಶಟರ್. ಇಷ್ಟಕ್ಕೆ ಸರಿಯಾದ ಎಕ್ಸ್‌ಪೋಶರ್ ಬರುವ ಬೆಳಕನ್ನು ಇವಿ ಸೊನ್ನೆ ಅನ್ನುತ್ತಾರೆ. ಅಲ್ಲಿಂದ ಒಂದೊಂದು ಅಂಕಿ ಇಳಿದಾಗಲೂ ಬೆಳಕು ಅರ್ಧವಾಗುತ್ತದೆ. ಮೈನಸ್ 6ರಲ್ಲಿ ಅದೇ ಫೋಟೋಗೆ 64 ಸೆಕೆಂಡ್ ಬೇಕು. ಹುಣ್ಣಿಮೆ ಬೆಳಕಿನ ಬಯಲು ಸುಮಾರು ಮೈನಸ್ 2, ಮೈನಸ್ 3. ರಾತ್ರಿ ದೀಪ ಹಾಕಿದ ಮನೆಯೊಳಗೆ 5ರಿಂದ 7. ನಿಮ್ಮ ರಿಹರ್ಸಲ್ ಎಷ್ಟೇ ಮಂಕಾಗಿದ್ದರೂ ಮೈನಸ್ 6ರ ಹತ್ತಿರಕ್ಕೂ ಹೋಗಿರುವುದಿಲ್ಲ. ಹಾಗಾದರೆ ಯಾಕೆ ತಡಕಾಡುತ್ತದೆ?

ಕೈಪಿಡಿಯಲ್ಲಿ ಆ ಅಂಕಿಯ ಪಕ್ಕದ ಸಣ್ಣ ಅಕ್ಷರ ಓದಿ. ಎಫ್ 1.2 ಲೆನ್ಸ್, ನಡುವಿನ ಪಾಯಿಂಟ್, ಒನ್ ಶಾಟ್ ಮೋಡ್, ಐಎಸ್‌ಒ 100 ಅಂತ ಏನಾದರೂ ಷರತ್ತು ಇದ್ದೇ ಇರುತ್ತದೆ. ಎಫ್ 1.2ರಿಂದ ಎಫ್ 4ಕ್ಕೆ ಬಂದರೆ ಸುಮಾರು ಮೂರೂವರೆ ಸ್ಟಾಪ್ ಬೆಳಕು ಹೋಯಿತು (ಒಂದು ಸ್ಟಾಪ್ ಹೋದರೆ ಬೆಳಕು ಅರ್ಧವಾಯಿತು ಅಂತ). ಆ ಲೆನ್ಸ್ ಹಾಕಿದ ಮೇಲೆ ನಿಮ್ಮದು ಮೈನಸ್ ಎರಡೂವರೆಯ ಕ್ಯಾಮರಾ. ಅದೂ ಒಳ್ಳೆ ಕಾಂಟ್ರಾಸ್ಟ್ ಇರುವ, ಅಲ್ಲಾಡದ ವಸ್ತುವಿನ ಎದುರು. ಕಪ್ಪು ಬಟ್ಟೆ ಹಾಕಿ ಕುಣಿಯುವವರ ಎದುರು ಅಲ್ಲ.

ಸುಮ್ನೆ_ಬಂದೆ
ಒಟ್ಟಿನಲ್ಲಿ ಕಂಪನಿಗಳು ಸುಳ್ಳು ಹೇಳುತ್ತಿವೆ.

ಗೂಬೆಕಣ್ಣು
ಸುಳ್ಳಲ್ಲ, ಪೂರ್ತಿ ಹೇಳುವುದಿಲ್ಲ ಅಷ್ಟೇ. ಒಬ್ಬೊಬ್ಬರು ಒಂದೊಂದು ಅಪರ್ಚರ್‌ನಲ್ಲಿ ಅಳೆಯುತ್ತಾರೆ. ಕ್ಯಾನನ್ ಆರ್6ಗೆ ಮೈನಸ್ 6.5 ಅಂತ ಕೊಟ್ಟಿದ್ದು ಎಫ್ 1.2ರಲ್ಲಿ. ಸೋನಿ ಎ7 ಮಾರ್ಕ್ 4ಕ್ಕೆ ಮೈನಸ್ 4 ಅಂತ ಕೊಟ್ಟಿದ್ದು ಎಫ್ 2ರಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು "ಅಬ್ಬಾ, ಎರಡೂವರೆ ಸ್ಟಾಪ್ ವ್ಯತ್ಯಾಸ" ಅಂತ ಜನ ವಿಡಿಯೋ ಮಾಡುತ್ತಾರೆ. ಎಫ್ 1.2 ಮತ್ತು ಎಫ್ 2 ನಡುವೆಯೇ ಒಂದೂವರೆ ಸ್ಟಾಪ್ ಇದೆ. ಅದನ್ನು ಕಳೆದರೆ ಉಳಿಯುವುದು ಒಂದೇ ಸ್ಟಾಪ್.

ಪಿಕ್ಸೆಲ್‌ಪುರಾಣ
ಲೆಕ್ಕ ಅಷ್ಟು ನೇರ ಅಲ್ಲ ಗೂಬೆ. ಎಫ್ 1.2 ಲೆನ್ಸಿನ ಅಂಚಿನಿಂದ ಬರುವ ಬೆಳಕು ತುಂಬಾ ಓರೆಯಾಗಿ ಬೀಳುತ್ತದೆ. ಅದೆಲ್ಲ ಪಿಕ್ಸೆಲ್ ಒಳಗೆ ಪೂರ್ತಿ ಇಳಿಯುವುದಿಲ್ಲ. ಕಾಗದದ ಮೇಲೆ ಮೂರೂವರೆ ಸ್ಟಾಪ್ ಅಂದರೆ ಸೆನ್ಸರ್‌ಗೆ ಅದಕ್ಕಿಂತ ಕಡಿಮೆ. ಇನ್ನು ಪಿಕ್ಸೆಲ್ ಮಾಡಿರುವ ರೀತಿಯೂ ಬೇರೆ ಬೇರೆ. ಕ್ಯಾನನ್ ಡ್ಯುಯಲ್ ಪಿಕ್ಸೆಲ್‌ನಲ್ಲಿ ಒಂದೊಂದು ಪಿಕ್ಸೆಲ್ಲನ್ನೂ ಎರಡು ಭಾಗ ಮಾಡಿ ಎರಡೂ ಭಾಗದ ಬೆಳಕನ್ನು ಬಳಸುತ್ತಾರೆ. 2013ರ 70ಡಿಯಲ್ಲಿ ಮೊದಲು ಬಂದದ್ದು. ಸೋನಿಯ ಎ7 ಸಾಲಿನಲ್ಲಿ ಕೆಲವು ಪಿಕ್ಸೆಲ್‌ಗಳ ಅರ್ಧ ಭಾಗ ಮುಚ್ಚಿರುತ್ತಾರೆ. ಆ ಪಿಕ್ಸೆಲ್‌ಗಳಿಗೆ ಸಿಗುವುದೇ ಅರ್ಧ ಬೆಳಕು.

ಗೂಬೆಕಣ್ಣು
ಒಪ್ಪಿದೆ, ಅಂದಾಜು ಲೆಕ್ಕ ಅಂತಲೇ ಇಟ್ಟುಕೊಳ್ಳಿ. ಎಫ್ 4 ಲೆನ್ಸಿಗೆ ಕತ್ತಲಲ್ಲಿ ಕಷ್ಟ ಅನ್ನುವುದೇನೂ ಬದಲಾಗುವುದಿಲ್ಲ.

ಕನ್ನಡಿಬೇಕು
ಅದಕ್ಕೇ ನಾನು ಡಿಎಸ್‌ಎಲ್‌ಆರ್ ಬಿಟ್ಟಿಲ್ಲ. 2012ರ ಕ್ಯಾನನ್ 6ಡಿಯ ನಡುವಿನ ಪಾಯಿಂಟೇ ಮೈನಸ್ 3 ಇವಿ. 2016ರ ನಿಕಾನ್ ಡಿ500, ಡಿ5 ಎರಡರಲ್ಲೂ ನಡುವಿನ ಪಾಯಿಂಟ್ ಮೈನಸ್ 4. ಎಫ್ 1.2 ಲೆನ್ಸ್ ಇರಲಿ ಅನ್ನುವ ಷರತ್ತೇ ಇಲ್ಲ. ಫೋಕಸ್‌ಗೆ ಅಂತಲೇ ಬೇರೆ ಸೆನ್ಸರ್, ಬೇರೆ ಕೆಲಸವೇ ಇಲ್ಲ ಅದಕ್ಕೆ. ಮಸುಕುಚಿತ್ರ ಅವರೇ, ಹಳೆಯದನ್ನು ಮಾರಿಲ್ಲ ತಾನೇ?

ಮಸುಕುಚಿತ್ರ
ಮಾರಿಬಿಟ್ಟೆ.

ಕನ್ನಡಿಬೇಕು
ಛೆ.

ಪಿಕ್ಸೆಲ್‌ಪುರಾಣ
ಕನ್ನಡಿ, ಷರತ್ತು ಇಲ್ಲದಿರುವುದಕ್ಕೆ ಕಾರಣವಿದೆ, ಅದು ಹೊಗಳಿಕೆ ಅಲ್ಲ. ಡಿಎಸ್‌ಎಲ್‌ಆರ್‌ನ ಫೋಕಸ್ ಸೆನ್ಸರ್ ಲೆನ್ಸಿನ ಎರಡು ಗೊತ್ತಾದ ಜಾಗಗಳಿಂದ ಬರುವ ಬೆಳಕನ್ನಷ್ಟೇ ನೋಡುತ್ತದೆ. ಸಾಮಾನ್ಯ ಪಾಯಿಂಟ್‌ಗಳು ಎಫ್ 5.6ರ ಅಗಲದಿಂದ, ಕೆಲವು ವಿಶೇಷ ಪಾಯಿಂಟ್‌ಗಳು ಎಫ್ 2.8ರ ಅಗಲದಿಂದ. ನೀವು ಎಫ್ 1.4 ಲೆನ್ಸ್ ಹಾಕಿದರೆ ವ್ಯೂಫೈಂಡರ್ ಬೆಳಗುತ್ತದೆ, ಆದರೆ ಫೋಕಸ್ ಸೆನ್ಸರ್‌ಗೆ ಹೆಚ್ಚಿನ ಬೆಳಕು ಸಿಗುವುದಿಲ್ಲ. ಕನ್ನಡಿಯನ್ನು ದಾಟಿ ಕೆಳಗೆ ಹೋಗುವುದೂ ಬೆಳಕಿನ ಒಂದು ಪಾಲು ಮಾತ್ರ.

ಮಿರರ್‌ಲೆಸ್‌ನಲ್ಲಿ ಫೋಟೋ ತೆಗೆಯುವ ಸೆನ್ಸರ್ರೇ ಫೋಕಸ್ ಕೂಡ ಮಾಡುತ್ತದೆ. ಅಪರ್ಚರ್ ದೊಡ್ಡದಾದಷ್ಟೂ ಲಾಭ, ಚಿಕ್ಕದಾದರೆ ಅಷ್ಟೇ ನಷ್ಟ. ಮಸುಕುಚಿತ್ರ ಅವರಿಗೆ ಆಗಿರುವುದು ಇದೇ. ದೊಡ್ಡ ಅಪರ್ಚರ್‌ನಿಂದ ಫೋಕಸ್‌ಗೆ ತುಂಬಾ ಲಾಭವಾಗುವ ಕ್ಯಾಮರಾಗೆ ಬಂದು, ಚಿಕ್ಕ ಅಪರ್ಚರ್‌ನ ಲೆನ್ಸ್ ಹಾಕಿದ್ದಾರೆ.

ಕನ್ನಡಿಬೇಕು
ಇರಬಹುದು. ಆದರೆ ಡಿಎಸ್‌ಎಲ್‌ಆರ್ ಯಾವಾಗಲೂ ಅಪರ್ಚರ್ ಪೂರ್ತಿ ತೆರೆದಿಟ್ಟು ಫೋಕಸ್ ಮಾಡುತ್ತದೆ. ಬಟನ್ ಒತ್ತಿದ ಮೇಲೇ ಮುಚ್ಚುವುದು. ಕೆಲವು ಮಿರರ್‌ಲೆಸ್ ಬಾಡಿಗಳು ನಾವು ಇಟ್ಟ ಅಪರ್ಚರ್‌ನಲ್ಲೇ ಫೋಕಸ್ ಮಾಡುತ್ತವೆ. ನಿಕಾನ್ ಝಡ್ ಎಫ್ 5.6 ವರೆಗೆ ಹಾಗೇ ಮುಚ್ಚಿಕೊಂಡು ಫೋಕಸ್ ಮಾಡುತ್ತದೆ. ಎಫ್ 1.8 ಲೆನ್ಸ್ ಕೊಂಡು ಎಫ್ 5.6ರಲ್ಲಿ ತೆಗೆದರೆ ಫೋಕಸ್‌ಗೆ ಎಫ್ 1.8ರ ಉಪಯೋಗವೇ ಇಲ್ಲ. ಇದನ್ನು ಯಾರೂ ಹೇಳುವುದಿಲ್ಲ.

ಪಿಕ್ಸೆಲ್‌ಪುರಾಣ
ಇದು ನಿಜ. ಒಳ್ಳೆ ಪಾಯಿಂಟ್. ಹಾಗೆ ಮಾಡಲು ಅವರಿಗೂ ಕಾರಣವಿದೆ. ಕೆಲವು ಲೆನ್ಸ್‌ಗಳಲ್ಲಿ ಅಪರ್ಚರ್ ಮುಚ್ಚಿದರೆ ಫೋಕಸ್ ಸ್ವಲ್ಪ ಜರುಗುತ್ತದೆ, ತೆಗೆಯುವ ಅಪರ್ಚರ್‌ನಲ್ಲೇ ಫೋಕಸ್ ಮಾಡಿದರೆ ಆ ತಕರಾರು ಇರುವುದಿಲ್ಲ. ಕತ್ತಲಲ್ಲಿ ಮಾತ್ರ ಇದು ತಲೆನೋವು. ಕೆಲವು ಬಾಡಿಗಳ ಮೆನುವಿನಲ್ಲಿ ಫೋಕಸ್ ಮಾಡುವಾಗ ಅಪರ್ಚರ್ ತೆರೆದಿಡುವ ಆಯ್ಕೆ ಇರುತ್ತದೆ, ಹುಡುಕಿ.

ಎರಡುಸ್ಟಾಪ್
ಬೆಳಕಿನ ಬಗ್ಗೆ ಎಲ್ಲರೂ ಮಾತಾಡಿದಿರಿ, ಕಾಂಟ್ರಾಸ್ಟ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಫೇಸ್ ಡಿಟೆಕ್ಷನ್ ಏನು ಮಾಡುತ್ತದೆ? ಲೆನ್ಸಿನ ಎಡಭಾಗದಿಂದ ಬಂದ ಚಿತ್ರ, ಬಲಭಾಗದಿಂದ ಬಂದ ಚಿತ್ರ ಎರಡನ್ನೂ ಹೋಲಿಸಿ, ಎಷ್ಟು ಜರುಗಿವೆ ಅಂತ ಅಳೆಯುತ್ತದೆ. ಜರುಗಿದ್ದರಿಂದ ಯಾವ ಕಡೆಗೆ, ಎಷ್ಟು ತಿರುಗಿಸಬೇಕು ಅನ್ನುವುದು ಒಂದೇ ಸಲಕ್ಕೆ ಗೊತ್ತಾಗುತ್ತದೆ. ಆದರೆ ಹೋಲಿಸಲು ಚಿತ್ರದಲ್ಲಿ ಏನಾದರೂ ಇರಬೇಕಲ್ಲ? ಬರೀ ಕಪ್ಪು ಬಟ್ಟೆ ಇದ್ದರೆ ಎಡ ಚಿತ್ರವೂ ಕಪ್ಪು, ಬಲ ಚಿತ್ರವೂ ಕಪ್ಪು. ಮಧ್ಯಾಹ್ನದ ಬಿಸಿಲಲ್ಲಿ ಖಾಲಿ ಬಿಳಿ ಗೋಡೆಗೆ ಹಿಡಿದರೂ ಇದೇ ಪಾಡು.

ಕತ್ತಲಲ್ಲಿ ಇನ್ನೊಂದು ಕಷ್ಟ ಸೇರುತ್ತದೆ, ನಾಯ್ಸ್. ಎರಡೂ ಚಿತ್ರಗಳಲ್ಲಿ ಕಾಳುಕಾಳು ಬೇರೆ ಬೇರೆ ಥರ ಬಿದ್ದಿರುತ್ತದೆ. ನಿಜವಾದ ಅಂಚು ಯಾವುದು, ನಾಯ್ಸ್ ಯಾವುದು ಅಂತ ಕ್ಯಾಮರಾಗೆ ತಿಳಿಯುವುದಿಲ್ಲ. ಕೆಲವು ಸಲ ನಾಯ್ಸನ್ನೇ ಹೊಂದಿಸಿಕೊಂಡು "ಸಿಕ್ಕಿತು" ಅಂತ ಹಸಿರು ಚೌಕ ತೋರಿಸಿಬಿಡುತ್ತದೆ. ನಿಮ್ಮ ಹಸಿರು ಚೌಕ, ಮಸುಕು ಮುಖದ ಕಥೆ ಇದೇ ಇರಬಹುದು.

ಹಾಗಾಗಿ ಬಟ್ಟೆಗೆ ಗುರಿ ಇಡಬೇಡಿ. ಕಾಲರ್ ಅಂಚು, ಕೂದಲು ಹಣೆಗೆ ಸೇರುವ ಗೆರೆ, ಹಿಂದಿನಿಂದ ಬೆಳಕು ಬಿದ್ದ ಭುಜ, ಇಂಥ ಕಡೆ ಪಾಯಿಂಟ್ ಇಡಿ.

ಚಿಕ್ಕಲೆನ್ಸ್
ಜೊತೆಗೆ ಇದನ್ನೂ ಮಾಡಿ ನೋಡಿ. ಫೋಕಸ್ ಸಿಗದಿದ್ದರೆ ಕ್ಯಾಮರಾವನ್ನು 90 ಡಿಗ್ರಿ ತಿರುಗಿಸಿ ಮತ್ತೆ ಪ್ರಯತ್ನಿಸಿ.

ಸುಮ್ನೆ_ಬಂದೆ
ಯಾಕೆ, ಮುನಿಸಿಕೊಂಡಿರುತ್ತದಾ?

ಚಿಕ್ಕಲೆನ್ಸ್
ತಮಾಷೆ ಅಲ್ಲ. ಹೆಚ್ಚಿನ ಮಿರರ್‌ಲೆಸ್ ಸೆನ್ಸರ್‌ಗಳು ಎಡ ಬಲ ಮಾತ್ರ ಹೋಲಿಸುತ್ತವೆ. ಲಂಬ ಗೆರೆ ಇದ್ದರೆ ಸುಲಭವಾಗಿ ಹಿಡಿಯುತ್ತವೆ, ಅಡ್ಡ ಗೆರೆ ಮಾತ್ರ ಇದ್ದರೆ ಕಣ್ಣು ಕಟ್ಟಿದ ಹಾಗೆ. ಕಿಟಕಿಯ ಅಡ್ಡ ಪಟ್ಟಿಗಳ ಪರದೆ, ಮೆಟ್ಟಿಲಿನ ಅಂಚು ಇಂಥವುಗಳಲ್ಲಿ ಪರೀಕ್ಷೆ ಮಾಡಿ, ಚೆನ್ನಾಗಿ ಗೊತ್ತಾಗುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಕ್ರಾಸ್ ಟೈಪ್ ಪಾಯಿಂಟ್ ಅಂತ ಇರುತ್ತಿತ್ತಲ್ಲ, ಅದು ಎರಡನ್ನೂ ನೋಡುತ್ತದೆ. ಮಿರರ್‌ಲೆಸ್‌ನಲ್ಲೂ ಈಗ ಬರುತ್ತಿದೆ. 2022ರ ಓಎಂ-1ರಲ್ಲಿ ಇದೆ, 2024ರ ಕ್ಯಾನನ್ ಆರ್1ರಲ್ಲಿ ಇದೆ.

ಎಂಟುಬಿಟ್
ಈಗಷ್ಟೇ ಕಪಾಟಿನ ಅಡ್ಡ ಹಲಗೆಗೆ ಹಿಡಿದು ನೋಡಿದೆ. ನೆಟ್ಟಗೆ ಹಿಡಿದರೆ ಒದ್ದಾಡುತ್ತದೆ, ತಿರುಗಿಸಿದರೆ ಟಕ್ ಅಂತ ಕೂರುತ್ತದೆ. ಇಷ್ಟು ದಿನ ಯಾರೂ ಹೇಳಿರಲಿಲ್ಲ!

ಟ್ರೈಪಾಡ್‌ಕಾಲು
ಪೂರ್ತಿ 90 ಡಿಗ್ರಿ ಬೇಕಿಲ್ಲ. ಸ್ವಲ್ಪ ಓರೆ ಹಿಡಿದರೂ ಕೆಲಸ ಆಗುತ್ತದೆ. ಫೋಕಸ್ ಲಾಕ್ ಮಾಡಿ ನೇರ ಮಾಡಿಕೊಳ್ಳಿ.

ಶಟರ್‌ಸದ್ದು
ನನಗೊಂದು ಅನುಮಾನ. ಅದು ನಿಜವಾಗಿಯೂ ಫೋಕಸ್ ತಪ್ಪಿದ್ದಾ, ಇಲ್ಲ ಅಲುಗಾಡಿದ್ದಾ? ಶಟರ್ ಎಷ್ಟು ಇಟ್ಟಿದ್ದಿರಿ?

ಮಸುಕುಚಿತ್ರ
1/60. ಬಾಡಿಯಲ್ಲಿ ಸ್ಟೆಬಿಲೈಸೇಶನ್ ಇದೆ.

ಶಟರ್‌ಸದ್ದು
ನೋಡಿ, ಇಲ್ಲಿದೆ ವಿಷಯ. ಸ್ಟೆಬಿಲೈಸೇಶನ್ ನಿಮ್ಮ ಕೈ ನಡುಕವನ್ನು ತಡೆಯುತ್ತದೆ. ಕುಣಿಯುವವರನ್ನು ತಡೆಯುವುದಿಲ್ಲ. ಕುಣಿತಕ್ಕೆ 1/60 ಏನೇನೂ ಸಾಲದು. ಕನಿಷ್ಠ 1/250 ಆದರೂ ಇಡಿ, ಐಎಸ್‌ಒ ಏರಿದರೆ ಏರಲಿ. ನಾಯ್ಸ್ ಇರುವ ಫೋಟೋ ಸರಿಪಡಿಸಬಹುದು, ಅಲುಗಿದ ಫೋಟೋ ಸರಿಪಡಿಸಲು ಆಗುವುದಿಲ್ಲ.

ಕಂಡುಹಿಡಿಯುವುದು ಸುಲಭ. ಫೋಟೋ ದೊಡ್ಡದು ಮಾಡಿ. ಮುಖ ಮಸುಕಾಗಿ, ಅದರ ಹಿಂದಿನ ಪರದೆಯೋ ಮುಂದಿನ ನೆಲವೋ ಚೂಪಾಗಿದ್ದರೆ ಫೋಕಸ್ ತಪ್ಪಿದೆ. ನಿಂತವರು ಚೂಪಾಗಿ, ಕುಣಿದವರು ಮಾತ್ರ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಶಟರ್ ಸಾಲಲಿಲ್ಲ. ಇಡೀ ಫೋಟೋ ಒಂದೇ ಕಡೆಗೆ ಎಳೆದಿದ್ದರೆ ಕೈ ಅಲುಗಿದೆ. ಆಟೋಫೋಕಸ್ ಮೇಲೆ ಬರುವ ದೂರುಗಳಲ್ಲಿ ಎಷ್ಟೋ ದೂರು ಶಟರ್ ಸ್ಪೀಡಿನ ಮೇಲೆ ಬರಬೇಕಾದವು ಅನ್ನುವುದು ನನ್ನ ಅಭಿಪ್ರಾಯ.

ಗೂಬೆಕಣ್ಣು
ಲೆನ್ಸ್ ಹಿಂದೆ ಮುಂದೆ ಓಡುತ್ತದೆ ಅಂತ ಅವರೇ ಬರೆದಿದ್ದಾರಲ್ಲ. ಅದು ಶಟರ್ ಸಮಸ್ಯೆ ಹೇಗಾಗುತ್ತದೆ?

ಶಟರ್‌ಸದ್ದು
ಎರಡೂ ಸೇರಿರಬಹುದು ಗುರು. ಒಂದೇ ರೋಗ ಇರಬೇಕು ಅಂತ ನಿಯಮ ಇದೆಯಾ?

ಹಳೇರೀಲು
ಕತ್ತಲಲ್ಲಿ ಫೋಕಸ್ ಅಂದರೆ ಈಗಿನವರು ಇಷ್ಟು ಕಷ್ಟಪಡುತ್ತೀರಿ. 1978ರಲ್ಲೇ ಪೋಲರಾಯ್ಡ್‌ನವರು ಎಸ್‌ಎಕ್ಸ್-70ಗೆ ಸೋನಾರ್ ಹಾಕಿದ್ದರು. ಕಿವಿಗೆ ಕೇಳದ ಶಬ್ದ ಬಿಟ್ಟು, ಅದು ಮರಳಿ ಬರುವ ಸಮಯದಿಂದ ದೂರ ಅಳೆಯುತ್ತಿತ್ತು. ಪೂರ್ತಿ ಕತ್ತಲಾದರೂ ಅದಕ್ಕೆ ಲೆಕ್ಕವೇ ಇಲ್ಲ. ಮರುವರ್ಷ ಕ್ಯಾನನ್‌ನ ಎಎಫ್35ಎಂ ಬಂತು, ಅದು ಇನ್‌ಫ್ರಾರೆಡ್ ಕಿರಣ ಬಿಟ್ಟು ಅಳೆಯುತ್ತಿತ್ತು. ಅದಕ್ಕೂ ಕತ್ತಲ ಭಯ ಇರಲಿಲ್ಲ.

ಸುಮ್ನೆ_ಬಂದೆ
ಹಾಗಾದರೆ ಆ ವಿದ್ಯೆ ಎಲ್ಲಿ ಹೋಯಿತು?

ಪಿಕ್ಸೆಲ್‌ಪುರಾಣ
ಸೋನಾರ್‌ಗೆ ಗಾಜು ಅಡ್ಡ ಬಂದರೆ ಮುಗಿಯಿತು. ಕಿಟಕಿಯಾಚೆ ಇರುವವರನ್ನು ತೆಗೆಯಲು ಹೋದರೆ ಶಬ್ದ ಗಾಜಿಗೆ ಬಡಿದು ಮರಳುತ್ತದೆ, ಕ್ಯಾಮರಾ ಗಾಜಿನ ದೂರಕ್ಕೆ ಫೋಕಸ್ ಮಾಡುತ್ತದೆ. ಇನ್‌ಫ್ರಾರೆಡ್‌ಗೆ ದೂರ ಸಾಲದು. ದೂರ ಹೆಚ್ಚಾದಂತೆ ಮರಳಿ ಬರುವ ಬೆಳಕು ಬೇಗ ಕಮ್ಮಿಯಾಗುತ್ತದೆ. ಅಗಲ ಲೆನ್ಸಿನ ಪಾಕೆಟ್ ಕ್ಯಾಮರಾಗೆ ಅಷ್ಟು ನಿಖರತೆ ಸಾಕಿತ್ತು, ಒಂದಷ್ಟು ತಪ್ಪಿದರೂ ಡೆಪ್ತ್ ಆಫ್ ಫೀಲ್ಡ್ (ಚೂಪಾಗಿ ಕಾಣುವ ಆಳ) ಮುಚ್ಚಿಹಾಕುತ್ತಿತ್ತು. 85 ಎಂಎಂ ಎಫ್ 1.4 ಇಟ್ಟುಕೊಂಡು ಎರಡು ಮೀಟರ್ ದೂರದಲ್ಲಿ ನಿಂತರೆ ಚೂಪಾಗಿರುವ ಜಾಗ ನಾಲ್ಕೈದು ಸೆಂಟಿಮೀಟರ್. ಅಲ್ಲಿಗೆ ಸೋನಾರ್ ಸಾಲುತ್ತದಾ?

ಹಳೇರೀಲು
ಸಾಲುತ್ತದೆ ಅಂತ ನಾನು ಹೇಳಲಿಲ್ಲ. ಕತ್ತಲಲ್ಲಿ ಕೆಲಸ ಮಾಡುತ್ತಿತ್ತು ಅಂದೆ. ಅಂದ ಹಾಗೆ, ಜನಸಾಮಾನ್ಯರ ಕೈಗೆ ಬಂದ ಮೊದಲ ಆಟೋಫೋಕಸ್ ಕ್ಯಾಮರಾ 1977ರ ಕೊನಿಕಾ ಸಿ35 ಎಎಫ್. ಅದರಲ್ಲಿ ಇದ್ದದ್ದು ಹನಿವೆಲ್ ಕಂಪನಿಯ ತಂತ್ರ. ಆಮೇಲೆ 1985ರಲ್ಲಿ ಮಿನೋಲ್ಟಾ 7000 ಬಂದು ಎಸ್‌ಎಲ್‌ಆರ್ ಲೋಕವನ್ನೇ ಬದಲಿಸಿತು. ಹನಿವೆಲ್ ನಮ್ಮ ಪೇಟೆಂಟ್ ಬಳಸಿದ್ದೀರಿ ಅಂತ ಕೋರ್ಟಿಗೆ ಹೋಯಿತು. 1992ರಲ್ಲಿ ಮಿನೋಲ್ಟಾ 12.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಎಂಟುಬಿಟ್
ನೃತ್ಯದ ಫೋಟೋದಿಂದ ಕೋರ್ಟಿನವರೆಗೆ ಬಂದೆವು. ಇಲ್ಲಿ ಯಾವ ಪ್ರಶ್ನೆ ಕೇಳಿದರೂ ಇದೇ.

ಕಪ್ಪುಬಿಳುಪು
ಹಳೇರೀಲು ಹೇಳಿದ ವಿದ್ಯೆ ಎಲ್ಲೂ ಹೋಗಿಲ್ಲ, ಫೋನಿಗೆ ಬಂದಿದೆ. 2014ರ ಎಲ್‌ಜಿ ಜಿ3ಯಲ್ಲಿ ಲೇಸರ್ ಆಟೋಫೋಕಸ್ ಇತ್ತು. 2020ರ ಐಫೋನ್ 12 ಪ್ರೋದಲ್ಲಿ ಲೇಸರ್ ಬಿಟ್ಟು ದೂರ ಅಳೆಯುವ ಲೈಡಾರ್ ಬಂತು, ಕತ್ತಲಲ್ಲಿ ಫೋಕಸ್ ಆರು ಪಟ್ಟು ವೇಗ ಅಂತ ಆಪಲ್ ಹೇಳಿಕೊಂಡಿತು. ಅದೂ ಸುಮಾರು ಐದು ಮೀಟರ್ ಒಳಗೆ ಮಾತ್ರ.

ಮಸುಕುಚಿತ್ರ
ಸರಿ ಸರಿ. ಫೋಕಸ್‌ಗೆ ಸಹಾಯ ಮಾಡುವ ದೀಪ ಕ್ಯಾಮರಾದಲ್ಲೇ ಇದೆಯಲ್ಲ? ನನ್ನದರಲ್ಲಿ ಅದು ಹತ್ತಿದರೂ ಏನೂ ಪ್ರಯೋಜನ ಕಾಣಲಿಲ್ಲ.

ಟ್ರೈಪಾಡ್‌ಕಾಲು
ಮೊದಲು ಲೆನ್ಸ್ ಹುಡ್ ತೆಗೆದು ನೋಡಿ. ದೊಡ್ಡ ಹುಡ್ ಇದ್ದರೆ ಆ ದೀಪಕ್ಕೇ ಅಡ್ಡ ಬರುತ್ತದೆ. ಎರಡನೆಯದು, ಅದರ ಬೆಳಕು ಕೆಲವೇ ಮೀಟರ್ ಹೋಗುತ್ತದೆ. ವೇದಿಕೆ ದೂರ ಇದ್ದರೆ ದಂಡ. ಮೂರನೆಯದು, ಕುಣಿಯುವವರ ಕಣ್ಣಿಗೆ ದೀಪ ಬಿಡಬೇಡಿ ದಯವಿಟ್ಟು. ಆಫ್ ಮಾಡಿಡಿ.

ಕನ್ನಡಿಬೇಕು
ಡಿಎಸ್‌ಎಲ್‌ಆರ್ ಮೇಲೆ ಫ್ಲ್ಯಾಶ್ ಹಾಕಿದರೆ ಕೆಂಪು ಗೆರೆಗಳ ಜಾಲ ಬಿಡುತ್ತಿತ್ತು. ಖಾಲಿ ಗೋಡೆಗೂ ಫೋಕಸ್ ಆಗುತ್ತಿತ್ತು. ಅದೇ ಫ್ಲ್ಯಾಶನ್ನು ಮಿರರ್‌ಲೆಸ್‌ಗೆ ಹಾಕಿ ನೋಡಿ, ಹೆಚ್ಚಿನ ಬಾಡಿಗಳಲ್ಲಿ ಆ ಜಾಲ ಬರುವುದೇ ಇಲ್ಲ. ಕತ್ತಲೆ ಸಭಾಂಗಣದಲ್ಲಿ ಫ್ಲ್ಯಾಶ್ ಹಾಕಿ ತೆಗೆಯುವವರಿಗೆ ಇದು ದೊಡ್ಡ ನಷ್ಟ. ಇದಕ್ಕೆ ಏನು ಹೇಳುತ್ತೀರಿ ಪುರಾಣದವರೇ?

ಪಿಕ್ಸೆಲ್‌ಪುರಾಣ
ಇದಕ್ಕೆ ಉತ್ತರ ಇಲ್ಲ. ನಿಮ್ಮದೇ ಗೆಲುವು, ತೆಗೆದುಕೊಳ್ಳಿ.

ರಾತ್ರಿಪಾಳಿ
ಫ್ಲ್ಯಾಶ್ ವಿಷಯ ಬಂತಲ್ಲ, ಇದನ್ನೂ ಸೇರಿಸುತ್ತೇನೆ. ಫ್ಲ್ಯಾಶ್‌ಗೆ ಅಂತ ಮ್ಯಾನುಯಲ್‌ನಲ್ಲಿ 1/200, ಎಫ್ 8, ಐಎಸ್‌ಒ 100 ಇಟ್ಟರೆ ವ್ಯೂಫೈಂಡರ್ ಕಪ್ಪಾಗುತ್ತದೆ. ಯಾಕೆಂದರೆ ಮಿರರ್‌ಲೆಸ್ ಫೋಟೋ ಹೇಗೆ ಬರುತ್ತದೋ ಹಾಗೇ ತೋರಿಸುತ್ತಿದೆ. ಆ ಎಕ್ಸ್‌ಪೋಶರ್ ಪ್ರಿವ್ಯೂ ಆಫ್ ಮಾಡಿ. ಸ್ಕ್ರೀನ್ ಬೆಳಗುತ್ತದೆ, ಕೆಲವು ಬಾಡಿಗಳಲ್ಲಿ ಫೋಕಸ್ ಕೂಡ ಸುಧಾರಿಸುತ್ತದೆ.

ಮುಖ ಗುರುತಿಸುವುದಕ್ಕೂ ಬೆಳಕು ಬೇಕು. ಹಿಂದಿನಿಂದ ದೀಪ ಬಿದ್ದು ಮುಖ ಕತ್ತಲಾದರೆ ಕಣ್ಣಿನ ಫೋಕಸ್ ಕೈಕೊಡುತ್ತದೆ. ಆಗ ಅದನ್ನು ಹಿಡಿದು ಜಗ್ಗಾಡದೆ ಒಂದು ಪಾಯಿಂಟ್ ಮೋಡ್‌ಗೆ ಬಂದುಬಿಡಿ. ತೀರಾ ಚಿಕ್ಕ ಪಾಯಿಂಟ್ ಬೇಡ, ಅದರೊಳಗೆ ಒಂದು ಅಂಚೂ ಸಿಗದೆ ಬರೀ ನಾಯ್ಸ್ ಉಳಿಯುತ್ತದೆ. ಮಧ್ಯಮ ಗಾತ್ರ ಸಾಕು.

ಗೂಬೆಕಣ್ಣು
ಇನ್ನೊಂದು ಮುಖ್ಯ ವಿಷಯ ಬಿಟ್ಟುಹೋಗಿತ್ತು. ಕತ್ತಲಲ್ಲಿ ಫೋಕಸ್ ನಿಧಾನ ಆಗುವುದು ಯಾಕೆ ಗೊತ್ತಾ? ಸೆನ್ಸರ್ ಒಂದು ಸೆಕೆಂಡಿಗೆ 60 ಸಲವೋ 120 ಸಲವೋ ಚಿತ್ರ ಓದುತ್ತಿರುತ್ತದೆ. ಒಂದೊಂದು ಓದಿಗೂ ಸಿಗುವ ಬೆಳಕು ಸೆಕೆಂಡಿನ ಅರವತ್ತನೇ ಒಂದು ಭಾಗದ್ದು ಅಷ್ಟೇ. ಅಷ್ಟರಲ್ಲಿ ಸಾಕಷ್ಟು ಬೆಳಕು ಸೇರದಿದ್ದರೆ ಕ್ಯಾಮರಾ ಓದುವ ವೇಗ ಇಳಿಸಿ ಹೆಚ್ಚು ಹೊತ್ತು ಬೆಳಕು ಕೂಡಿಸಿಕೊಳ್ಳುತ್ತದೆ. ವ್ಯೂಫೈಂಡರ್‌ನಲ್ಲಿ ಚಿತ್ರ ತಡೆತಡೆದು ಬಂದರೆ ಇದೇ ನಡೆಯುತ್ತಿದೆ ಅಂತ ಅರ್ಥ. ನಿಂತ ವಸ್ತುವಿಗೆ ಪರವಾಗಿಲ್ಲ. ಕುಣಿಯುವವರು ಅಷ್ಟರಲ್ಲಿ ಜಾಗ ಬಿಟ್ಟಿರುತ್ತಾರೆ.

ಲೆಕ್ಕ ಹಾಕಿ. ಫುಲ್ ಫ್ರೇಮ್, 85 ಎಂಎಂ ಎಫ್ 1.8, ಮೂರು ಮೀಟರ್ ದೂರ. ಚೂಪಾಗಿರುವ ಆಳ ಸುಮಾರು 13 ಸೆಂಟಿಮೀಟರ್. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಒಬ್ಬರು ನಿಮ್ಮ ಕಡೆ ಬಂದರೆ ಆ ಆಳವನ್ನು ದಾಟಲು ಸೆಕೆಂಡಿನ ಹದಿನೈದನೇ ಒಂದು ಭಾಗ ಸಾಕು. ಹಾಗಾಗಿ ಮೈನಸ್ 6ರಲ್ಲೂ ಫೋಕಸ್ ಆಗುತ್ತದೆ ಅನ್ನುವುದು ಬೇರೆ, ಎಷ್ಟು ಬೇಗ ಆಗುತ್ತದೆ ಅನ್ನುವುದು ಬೇರೆ. ಎರಡನೆಯದನ್ನು ಯಾವ ಕಂಪನಿಯೂ ಅಂಕಿಯಲ್ಲಿ ಬರೆಯುವುದಿಲ್ಲ.

ಶಟರ್‌ಸದ್ದು
ಇದೇ ಕಾರಣಕ್ಕೆ ನಿಂತವರಿಗೆ ಸಿಂಗಲ್ ಫೋಕಸ್ (ಒಮ್ಮೆ ಫೋಕಸ್ ಮಾಡಿ ನಿಲ್ಲುವುದು) ಇಡಿ. ಕೆಲವು ಬಾಡಿಗಳಲ್ಲಿ ಸಿಂಗಲ್ ಮೋಡ್‌ನಲ್ಲಿ ಕೊನೆಗೊಮ್ಮೆ ಕಾಂಟ್ರಾಸ್ಟ್ ನೋಡಿ ಖಾತ್ರಿ ಮಾಡಿಕೊಳ್ಳುತ್ತದೆ. ನಿಧಾನ, ಆದರೆ ಕರಾರುವಾಕ್ಕು. ಓಡಾಡುವವರಿಗೆ ಬಿಡದೆ ಹಿಂಬಾಲಿಸುವ ಕಂಟಿನ್ಯುಅಸ್, ಬೇರೆ ದಾರಿ ಇಲ್ಲ.

ರೀಲ್‌ರಾಜ
ವಿಡಿಯೋ ಮಾಡುವವರ ಗೋಳು ಕೇಳಿ ಒಮ್ಮೆ. ಫೋಟೋದಲ್ಲಾದರೆ ಲೆನ್ಸ್ ಓಡಾಡಿದ್ದು ಯಾರಿಗೂ ಕಾಣುವುದಿಲ್ಲ. ವಿಡಿಯೋದಲ್ಲಿ ಆ ಹಿಂದೆ ಮುಂದೆ ಎಲ್ಲ ರೆಕಾರ್ಡ್ ಆಗುತ್ತದೆ. ನನ್ನ ಹಳೆಯ ಬಾಡಿಯಲ್ಲಿ ಬರೀ ಕಾಂಟ್ರಾಸ್ಟ್ ಡಿಟೆಕ್ಷನ್ ಇತ್ತು, ಹಿನ್ನೆಲೆ ಉಸಿರಾಡುತ್ತಿರುವ ಹಾಗೆ ಕಾಣುತ್ತಿತ್ತು.

ಎರಡುಸ್ಟಾಪ್
ಕಾಂಟ್ರಾಸ್ಟ್ ಡಿಟೆಕ್ಷನ್‌ನ ಹಣೆಬರಹವೇ ಅದು. ಕಾಂಟ್ರಾಸ್ಟ್ ಏರುತ್ತಾ ಹೋಗುತ್ತದೆ, ಒಮ್ಮೆ ಇಳಿದ ಮೇಲೇ ತುದಿ ದಾಟಿಬಂದೆ ಅಂತ ಗೊತ್ತಾಗುವುದು. ಹಾಗಾಗಿ ದಾಟಿ ಹೋಗಿ ಮರಳಲೇಬೇಕು. ಕತ್ತಲಲ್ಲಿ ನಾಯ್ಸ್ ಸೇರಿದರೆ ತುದಿ ಎಲ್ಲಿ ಅನ್ನುವುದೇ ಗೊತ್ತಾಗದು. ಪ್ಯಾನಸಾನಿಕ್ 2014ರ ಜಿಎಚ್4ರಿಂದ ಡಿಎಫ್‌ಡಿ ಅಂತ ಬೇರೆ ದಾರಿ ಹಿಡಿದಿತ್ತು, ಮಸುಕು ಹೇಗೆ ಬದಲಾಗುತ್ತದೆ ಅನ್ನುವುದರಿಂದ ದೂರ ಊಹಿಸುವುದು. ಕೊನೆಗೆ 2023ರ ಎಸ್5 ಮಾರ್ಕ್ 2ರಲ್ಲಿ ಅವರೂ ಫೇಸ್ ಡಿಟೆಕ್ಷನ್‌ಗೆ ಬಂದರು.

ರಾತ್ರಿಪಾಳಿ
ರೀಲ್‌ರಾಜ, ಮಂದ ಬೆಳಕಿನ ವಿಡಿಯೋಗೆ ಒಂದೇ ಮಾತು. ಒಮ್ಮೆ ಫೋಕಸ್ ಮಾಡಿ, ಮ್ಯಾನುಯಲ್‌ಗೆ ಹಾಕಿ, ಮುಟ್ಟಬೇಡಿ. ಜನ ಓಡಾಡುವುದಿದ್ದರೆ ಫೋಕಸ್ ಬದಲಾಗುವ ವೇಗ ಮತ್ತು ಸೂಕ್ಷ್ಮತೆ ಎರಡನ್ನೂ ಮೆನುವಿನಲ್ಲಿ ಇಳಿಸಿ.

ನಕ್ಷತ್ರಿಕ
ನಡುವೆ ಒಂದು ಪ್ರಶ್ನೆ. ನಕ್ಷತ್ರಗಳಿಗೆ ಆಟೋಫೋಕಸ್ ಕೆಲಸ ಮಾಡುತ್ತದಾ? ನಾನು ಲೆನ್ಸನ್ನು ಇನ್‌ಫಿನಿಟಿ ಗುರುತಿಗೆ ತಿರುಗಿಸಿಟ್ಟರೆ ಚುಕ್ಕಿಗಳು ದಪ್ಪ ದಪ್ಪ ಬರುತ್ತವೆ.

ಟ್ರೈಪಾಡ್‌ಕಾಲು
ಆ ಗುರುತನ್ನು ನಂಬಬೇಡಿ. ಹೆಚ್ಚಿನ ಆಟೋಫೋಕಸ್ ಲೆನ್ಸ್‌ಗಳು ಇನ್‌ಫಿನಿಟಿ ದಾಟಿಯೂ ತಿರುಗುತ್ತವೆ. ಪ್ರಕಾಶಮಾನವಾದ ನಕ್ಷತ್ರ ಒಂದನ್ನು ಸ್ಕ್ರೀನ್‌ನಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ, ಚುಕ್ಕಿ ಅತಿ ಚಿಕ್ಕದಾಗುವವರೆಗೆ ಕೈಯಲ್ಲೇ ತಿರುಗಿಸಿ. ಚೂಪಾದ ಅಂಚಿಗೆ ಬಣ್ಣ ಹಚ್ಚಿ ತೋರಿಸುವ ಫೋಕಸ್ ಪೀಕಿಂಗ್ ಬೇಡ, ನಾಯ್ಸ್‌ಗೂ ಬಣ್ಣ ಹಚ್ಚಿಬಿಡುತ್ತದೆ. ಒಲಿಂಪಸ್ 2020ರಲ್ಲಿ ಇ-ಎಂ1 ಮಾರ್ಕ್ 3ಗೆ ನಕ್ಷತ್ರಕ್ಕೆ ಅಂತಲೇ ಆಟೋಫೋಕಸ್ ಕೊಟ್ಟಿತು. ನಿಮ್ಮದರಲ್ಲಿ ಅಂಥದ್ದು ಇಲ್ಲದಿದ್ದರೆ ಕೈಯೇ ಗತಿ.

ಮಸುಕುಚಿತ್ರ
ಇಷ್ಟೆಲ್ಲ ಓದಿದ ಮೇಲೆ ಒಂದು ಲೆನ್ಸ್ ಕೊಳ್ಳಬೇಕು ಅನ್ನಿಸುತ್ತಿದೆ. 35 ಎಫ್ 1.8 ತಗೊಳ್ಳಲಾ, 85 ಎಫ್ 1.8 ತಗೊಳ್ಳಲಾ?

ಎಂಟುಬಿಟ್
85. ವೇದಿಕೆಗೆ ಅದೇ.

ಚಿಕ್ಕಲೆನ್ಸ್
35. ಡೆಪ್ತ್ ಆಫ್ ಫೀಲ್ಡ್ ಜಾಸ್ತಿ ಸಿಗುತ್ತದೆ, ಫೋಕಸ್ ಒಂಚೂರು ತಪ್ಪಿದರೂ ಕಾಣುವುದಿಲ್ಲ. ಹತ್ತಿರ ಹೋಗಿ ತೆಗೆಯಿರಿ.

ಎಂಟುಬಿಟ್
ಹತ್ತಿರ ಹೋದರೆ ಡೆಪ್ತ್ ಮತ್ತೆ ಕಮ್ಮಿಯಾಗುತ್ತದಲ್ಲ ಸ್ವಾಮಿ. ಮುಖದ ಗಾತ್ರ ಫ್ರೇಮ್‌ನಲ್ಲಿ ಒಂದೇ ಇದ್ದರೆ ಎರಡೂ ಹೆಚ್ಚುಕಡಿಮೆ ಅಷ್ಟೇ.

ಗೂಬೆಕಣ್ಣು
ಎರಡರಲ್ಲಿ ಯಾವುದಾದರೂ ಎಫ್ 4ಕ್ಕಿಂತ ಐದು ಪಟ್ಟು ಬೆಳಕು ಕೊಡುತ್ತದೆ. ಎಲ್ಲಿ ನಿಂತು ತೆಗೆಯುತ್ತೀರಿ ಅನ್ನುವುದರ ಮೇಲೆ ಆರಿಸಿ. ಲೆನ್ಸ್ ಬರುವವರೆಗೆ ಇರುವ ಝೂಮ್‌ನಲ್ಲಿ ಫೋಕಸ್ ಲಿಮಿಟರ್ ಸ್ವಿಚ್ (ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವುದು) ಇದೆಯಾ ನೋಡಿ. ಇಲ್ಲದಿದ್ದರೆ ವೇದಿಕೆಯ ದೂರಕ್ಕೆ ಮೊದಲೇ ಒಮ್ಮೆ ಫೋಕಸ್ ಮಾಡಿಟ್ಟುಕೊಳ್ಳಿ. ಲೆನ್ಸಿನ ಫೋಕಸ್ ಆಗಲೇ ಆ ದೂರದ ಹತ್ತಿರ ಇದ್ದರೆ ಹುಡುಕಾಟ ಕಡಿಮೆ.

ಸುಮ್ನೆ_ಬಂದೆ
ನನ್ನ ಹತ್ತಿರ ಫೋನ್ ಬಿಟ್ಟು ಬೇರೆ ಕ್ಯಾಮರಾ ಇಲ್ಲ. ಆದರೂ ಕೇಳುತ್ತೇನೆ. ರಾತ್ರಿ ಮೂರು ಪಟ್ಟು ಝೂಮ್ ಮಾಡಿದರೆ ಫೋಕಸ್ ಆಗುತ್ತದೆ, ಆದರೆ ಚಿತ್ರ ಬಣ್ಣ ಮೆತ್ತಿದ ಹಾಗೆ ಬರುತ್ತದೆ. ಟೆಲಿಫೋಟೋ ಲೆನ್ಸ್ ಹಾಳಾಗಿದೆಯಾ?

ಕಪ್ಪುಬಿಳುಪು
ಬಹುಶಃ ಆ ಲೆನ್ಸ್ ಕೆಲಸವನ್ನೇ ಮಾಡುತ್ತಿಲ್ಲ. ಟೆಲಿಫೋಟೋದ ಅಪರ್ಚರ್ ಚಿಕ್ಕದು, ಸೆನ್ಸರ್ರೂ ಚಿಕ್ಕದು. ಕತ್ತಲಲ್ಲಿ ಅದಕ್ಕೆ ಕಾಣದಿದ್ದರೆ ಫೋನ್ ತಾನೇ ಮುಖ್ಯ ಕ್ಯಾಮರಾಗೆ ಬದಲಾಯಿಸಿ, ಚಿತ್ರ ಕತ್ತರಿಸಿ ದೊಡ್ಡದು ಮಾಡಿ ಕೊಡುತ್ತದೆ. ಮೂರು ಪಟ್ಟು ಒತ್ತಿ, ಹಿಂದಿನ ಟೆಲಿಫೋಟೋ ಲೆನ್ಸ್ ಮೇಲೆ ಬೆರಳಿಡಿ.

ಸುಮ್ನೆ_ಬಂದೆ
ಇಟ್ಟೆ. ಸ್ಕ್ರೀನ್‌ನಲ್ಲಿ ಚಿತ್ರ ಹಾಗೇ ಇದೆ!

ಕಪ್ಪುಬಿಳುಪು
ಹಾಗಾದರೆ ತೆಗೆಯುತ್ತಿರುವುದು ಮುಖ್ಯ ಕ್ಯಾಮರಾನೇ. ಬೆಳಗ್ಗೆ ಬಿಸಿಲಲ್ಲಿ ಮತ್ತೊಮ್ಮೆ ಬೆರಳಿಟ್ಟು ನೋಡಿ. ಸ್ಕ್ರೀನ್ ಕಪ್ಪಾದರೆ ಲೆನ್ಸ್ ಚೆನ್ನಾಗಿದೆ. ಆಗಲೂ ಹಾಗೇ ಇದ್ದರೆ ರಿಪೇರಿಯ ಮಾತು ಎತ್ತಬಹುದು.